ಮೀನಿಗೆ ನಾನಿಟ್ಟ ಕಣ್ಣು

ಹೋದ ವಾರ ನಿಮ್ಮೆಲ್ಲರಲ್ಲಿ ಸಣ್ಣವಳಾದ ಸುಧಾ ತನ್ನ ಹೊಸ ವಹಿಗಳಿಗೆ ರಟ್ಟು ಹಾಕಿ ಲೇಬಲ್ ಅಂಟಿಸುತ್ತ ಕೂತಿದ್ದಳು. ಲೇಬಲ್ಲಿನ ಮೇಲೆಲ್ಲ ಬಣ್ಣಬಣ್ಣದ ಮೀನುಗಳು. ಒಂದನ್ನು ನನ್ನ ಮೂಗಿನ ಹತ್ತಿರ ತಂದು, "ಆಯಿ, ಇದರ ಕಣ್ಣು ಎಲ್ಲೈತಿ ಹೇಳು ನೋಡೂಣು" ಎಂದಳು. ಬಿಳಿ ಮೈ, ಹಿಂಭಾಗಕ್ಕೆ ಅರಿಶಿನ ಬಳಿದಂತೆ ಹಳದಿ, ಮುಖದ ಮೇಲೆ ನೆತ್ತಿಯಿಂದ ಗದ್ದದವರೆಗೆ ಒಂದು ಕಪ್ಪು ಪಟ್ಟಿ. ಬೆನ್ನಿನ ರೆಕ್ಕೆಯ ತುದಿಗೆ, ಬಾಲದ ಸಮೀಪ, ದುಂಡನೆಯ ಕಪ್ಪು ಚುಕ್ಕೆ. ಕನ್ನಡಕ ಹಾಕಿಕೊಳ್ಳುವ ಗೋಜಿಗೂ ಹೋಗದೆ ನಾನು ಮುಖದ ಕಪ್ಪು ಪಟ್ಟಿಯ ಮೇಲೆ ಬೆರಳಿಟ್ಟೆ.

"ಅಯ್ಯ! ಎಲ್ಲಾರೂ ಚುಕ್ಕಿ ತೋರಸ್ತಾರ. ನಿನಗ ಹ್ಯಾಂಗ ಗೊತ್ತಾತು?"

ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಅಡುಗೆಮನೆಯಲ್ಲಿ ಸುಮ್ಮನೆ ನಿಂತು ಬಂದೆ. ನಾನು ಎದುರಾಎದುರು ಮಾತಾಡುವವಳಲ್ಲ ಎನ್ನುವುದು ಮೊಮ್ಮಕ್ಕಳಾದ ನಿಮಗೆಲ್ಲ ಗೊತ್ತು. ಮದುವೆಯ ಮನೆಯಲ್ಲಿ ಮೂಲೆ ಹುಡುಕಿ ಕೂರುವವಳು, ಫೋನು ಬಂದರೆ "ತಡೀರಿ" ಎಂದು ನಿಮ್ಮ ಕೈಗೆ ಕೊಡುವವಳು. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದವಳ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಆದರೆ ನಗಬೇಡಿರಿ. ನಗುವ ಸಂಗತಿ ಇದರಲ್ಲಿ ಬಹಳ ಇಲ್ಲ.

ಬನಹಟ್ಟಿಯ ನಮ್ಮ ತವರಿನಲ್ಲಿ ಮೀನು ಎಂಬ ಶಬ್ದವನ್ನು ಊಟದ ಹೊತ್ತಿಗೆ ಆಡುವಂತಿರಲಿಲ್ಲ. ನಾವು ಲಿಂಗ ಕಟ್ಟಿಕೊಂಡ ನೇಕಾರರು. ಹೊಳೆ ದೂರವೇನಲ್ಲ. ರಬಕವಿ ದಾಟಿ ಹೋದರೆ ಕೃಷ್ಣೆ ಸಿಗುತ್ತಾಳೆ. ಆದರೆ ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಕಾಲಿಗೆ ಏನಾದರೂ ತಾಕಿದರೆ ಅವ್ವ, "ಅದು ನೀರಾಗಿನ ಜೀವ, ನೋಡಬ್ಯಾಡ" ಎನ್ನುತ್ತಿದ್ದಳು. ಹೀಗಾಗಿ ಹನ್ನೆರಡು ವರ್ಷದವರೆಗೆ ನಾನು ಒಂದು ಮೀನನ್ನೂ ನೆಟ್ಟಗೆ ನೋಡಿರಲಿಲ್ಲ. ನಾನು ನೋಡಿದ್ದು ಕಸೂತಿಯ ನವಿಲು, ಕಸೂತಿಯ ಆನೆ, ಕಸೂತಿಯ ಗಿಳಿ. ನಮ್ಮ ಮನೆಯಲ್ಲಿ ಗಂಡಸರು ಕುಣಿಯಲ್ಲಿ ಕಾಲಿಳಿಬಿಟ್ಟು ಮಗ್ಗದ ಮೇಲೆ ಸೀರೆ ನೇಯ್ದರೆ, ಹೆಂಗಸರು ಕಂಡಿಕೆಗೆ ನೂಲು ಸುತ್ತಿ, ಮಿಕ್ಕ ಹೊತ್ತಿನಲ್ಲಿ ಸೆರಗಿಗೆ ಕಸೂತಿ ಹಾಕುತ್ತಿದ್ದರು. ಎಳೆ ಎಣಿಸಿ ಹಾಕುವ ಕೆಲಸ ಅದು. ನನಗೆ ಮಾತು ಬರದಿದ್ದರೂ ಎಣಿಕೆ ಬರುತ್ತಿತ್ತು. ಏಳನೆಯ ವಯಸ್ಸಿಗೇ ಗೋಪುರ ಹಾಕಿ ತೋರಿಸಿದ್ದೆ.

ಕಸೂತಿಯಲ್ಲಿ ಅವ್ವನದೊಂದು ಕಟ್ಟುನಿಟ್ಟು ಇತ್ತು. ಪ್ರಾಣಿ, ಪಕ್ಷಿ ಯಾವುದೇ ಇರಲಿ, ಮೈಯೆಲ್ಲ ಮುಗಿದ ಮೇಲೆ ಕಡೆಯ ಹೊಲಿಗೆ ಕಣ್ಣಿನದು. ಕಣ್ಣಿಡದೆ ಸೂಜಿ ಕೆಳಗಿಡುವಂತಿಲ್ಲ. "ಕಣ್ಣಿಲ್ಲದ್ದು ಮನಿಯಾಗ ರಾತ್ರಿ ಇರಬಾರ್ದು" ಎನ್ನುತ್ತಿದ್ದಳು. ಒಮ್ಮೆ ನಾನು ಅರ್ಧ ಆನೆ ಬಿಟ್ಟು ಆಡಲು ಓಡಿದ್ದಕ್ಕೆ ಕೂದಲು ಹಿಡಿದು ಎಳೆತಂದು ಕೂರಿಸಿದ್ದಳು. ಆನೆಯ ಕಾಲಿಲ್ಲದಿದ್ದರೂ ನಡೆದೀತು, ಮೊದಲು ಕಣ್ಣಿಡು ಎಂದು. ಆ ಸೆರಗಿನಲ್ಲಿ ಈಗಲೂ ಮೂರು ಕಾಲಿನ ಆನೆಯೊಂದು ಕಣ್ಣು ಬಿಟ್ಟುಕೊಂಡು ನಿಂತಿದೆ. ನಿಮ್ಮ ಅತ್ತೆಯ ಪೆಟ್ಟಿಗೆಯಲ್ಲಿದೆ, ಬೇಕಾದರೆ ನೋಡಿರಿ.

ನನಗೆ ಒಬ್ಬನೇ ಅಣ್ಣ, ಮಲ್ಲಪ್ಪ. ಒಳ್ಳೆಯ ನೇಕಾರ, ಕೆಟ್ಟ ಸಿಟ್ಟು. ಸಂಸ್ಥಾನ ಹೋಗಿ ನಾವು ಮುಂಬಯಿ ರಾಜ್ಯದವರಾದ ಹೊಸತರಲ್ಲಿ ನೂಲು ಪರ್ಮಿಟ್ಟಿನ ಮೇಲೆ ಸಿಗುತ್ತಿತ್ತು. ಸಿಕ್ಕ ನೂಲಿಗೆ ಹಳೆಯ ದಡಿಯನ್ನೇ ನೇಯಬೇಕು ಎಂದು ಅಪ್ಪ, ಹೊಸ ದಡಿ ಹಾಕಿದರೆ ಪ್ಯಾಟಿಯಲ್ಲಿ ನಮ್ಮನ್ನೇ ಹುಡುಕಿಕೊಂಡು ಬರುತ್ತಾರೆ ಎಂದು ಅಣ್ಣ. ದಡಿ ಎಂದರೆ ಸೀರೆಯ ಅಂಚು. ಆ ಅಂಚಿನ ಸಲುವಾಗಿ ಮನೆ ನಡುವೆ ಹರಿಯಿತು. ಅಣ್ಣನ ಮದುವೆಯಾಗಿ ಎಂಟು ತಿಂಗಳಾಗಿತ್ತು. ಒಂದು ಮುಂಜಾನೆ ಅಪ್ಪ ಎಲ್ಲರೆದುರು, "ದಡಿ ಬದಲಿ ಮಾಡಾಂವ ಮೊದಲ ಮನಿ ಬದಲಿ ಮಾಡಲಿ" ಎಂದುಬಿಟ್ಟ. ಅಣ್ಣ ಉಟ್ಟ ಬಟ್ಟೆಯಲ್ಲೇ ಮುಂಬಯಿಗೆ ಹೋದ.

ಗಿರಣಿಯಲ್ಲಿ ಸೇರಿಕೊಂಡಾನು ಎಂದುಕೊಂಡಿದ್ದೆವು. ಸೇರಿದ್ದು ಹಾಯಿಹಡಗನ್ನು, ಅದೂ ಅಡುಗೆಯವನಾಗಿ. ಈ ಸುದ್ದಿ ತಂದವನು ಮುಧೋಳದ ದುಂಡಪ್ಪ. ಮುಂಬಯಿ ಬಂದರದಲ್ಲಿ ಹಮಾಲಿ ಮಾಡುತ್ತಿದ್ದ, ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದ. ನಮ್ಮ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತ, "ಎಪ್ಪಾ, ನಿಮ್ಮ ಮಲ್ಲ ಮೀನ ಕುದಸಾಕ ನಿಂತಾನ. ಮೂಗು ಕಟಗೊಂಡು ಕುದಸ್ತಾನಂತ. ಖಲಾಸಿ ಮಂದಿ ಅವಗ ಭಟ್ಟರ ಅಂತ ಹೆಸರಿಟ್ಟಾರ" ಎಂದು ನಕ್ಕ. ಅಪ್ಪ ನಗಲಿಲ್ಲ. ಒಳಗೆ ವೈನಿ ನಕ್ಕರು, ಸೆರಗು ಬಾಯಿಗಿಟ್ಟುಕೊಂಡು. ವೈನಿ ಎಂದರೆ ಅಣ್ಣನ ಹೆಂಡತಿ ಗುರವ್ವ. ಆಗ ಅವರಿಗೆ ಹದಿನೇಳು ಇದ್ದೀತು. ಅವರ ನಗು ನನಗೆ ಬಹಳ ಸೇರುತ್ತಿತ್ತು. ಅಣ್ಣ ಹೋದಾಗಿನಿಂದ ನಾನೇ ಅವರ ಪಕ್ಕ ಮಲಗುತ್ತಿದ್ದೆ. ನನ್ನ ಜಡೆ ಹಾಕುವವರು, ನನ್ನ ಲೆಕ್ಕ ಒಪ್ಪಿಸಿಕೊಳ್ಳುವವರು, ಅವ್ವ ಬೈದರೆ ಕದ್ದು ಬೆಲ್ಲ ಕೊಡುವವರು ಅವರೇ.

ದುಂಡಪ್ಪ ಮರುವರ್ಷ ಬಂದಾಗ ಕೈಯಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಅಣ್ಣ ಯಾರದೋ ಕೈಯಲ್ಲಿ ಬಂದರಕ್ಕೆ ಕಳಿಸಿದ್ದು, ಅದು ಕೈಯಿಂದ ಕೈಗೆ ದಾಟಿ ಇವನಿಗೆ ಮುಟ್ಟಿತ್ತು. ವೈನಿ ಮುಚ್ಚಳ ತೆಗೆದರು. ಉಪ್ಪು. ಉಪ್ಪಿನೊಳಗೆ ಅರಿವೆ. ಅರಿವೆಯೊಳಗೆ ಅಂಗೈಯಗಲದ ಒಂದು ಒಣ ಮೀನು. ವಾಸನೆಗೆ ಅವ್ವ ಓಡಿ ಹೋಗಿ ಹಿತ್ತಲಲ್ಲಿ ನಿಂತಳು. ಜೊತೆಗೊಂದು ಕಾಗದ ಇತ್ತು, ಉಪ್ಪು ನೀರಾಗಿ ಅರ್ಧ ಶಾಯಿ ತಿಂದಿತ್ತು. ಊರಿನ ಹೆಸರು, ತಾರೀಖು ಯಾವುದೂ ಉಳಿದಿರಲಿಲ್ಲ. ಉಳಿದದ್ದಿಷ್ಟು: ಈ ಮೀನಿನ ಮೈಮೇಲಿನ ಗೆರೆ ನೋಡಿರಿ, ಅಪ್ಪನಿಗೆ ತೋರಿಸಿರಿ, ಹಾಸು ಹೊಕ್ಕು ಕೂಡಿದ ಹಾಗೆ ಇವೆ, ಇದನ್ನು ದಡಿಗೆ ತರಬಹುದು, ಕೆಡುವುದರೊಳಗೆ ನಿಂಗಿಯ ಕಡೆಯಿಂದ ಕಾಗದದ ಮೇಲೆ ತೆಗೆಸಿ ಇಡಿರಿ, ಅವಳ ಕೈ ನೆಟ್ಟಗಿದೆ. ನಿಂಗಿ ಎಂದರೆ ನಾನು.

ಅಪ್ಪ ನಾಲ್ಕು ಮಾರು ದೂರದಲ್ಲೇ ನಿಂತು ಕತ್ತು ಚಾಚಿ ನೋಡಿದ. ಬಹಳ ಹೊತ್ತು ನೋಡಿದ. "ಖರೆ ಐತಿ. ಹಾಸು ಹೊಕ್ಕ ಅದು" ಎಂದ. ಮಗನ ಬಗ್ಗೆ ಅಪ್ಪ ಆಡಿದ ಒಳ್ಳೆಯ ಮಾತು ಎಂದರೆ ಅದೊಂದೇ. ಅದೂ ಮೀನಿಗೆ ಆಡಿದ್ದು.

ಹಿತ್ತಲಿನ ಕಟ್ಟೆಯ ಮೇಲೆ ಡಬ್ಬಿ ಇಟ್ಟುಕೊಂಡು ಎರಡು ಮಧ್ಯಾಹ್ನ ಕೂತು ಬರೆದೆ. ಮೂಗಿಗೆ ಅರಿವೆ ಕಟ್ಟಿಕೊಂಡಿದ್ದೆ, ಥೇಟ್ ಅಣ್ಣನ ಹಾಗೆ. ಗೆರೆಗಳು ನನಗೆ ಕೂಡಲೇ ವಶವಾದವು. ಒಂದು ಕಡೆಯಿಂದ ಐದು ಗೆರೆ ಓರೆಯಾಗಿ ಮೇಲೇರುತ್ತವೆ, ಅವುಗಳಿಗೆ ಸರಿಯಾಗಿ ಅಡ್ಡ ಬಂದು ಇನ್ನೊಂದು ಕಡೆಯವು ಇಳಿಯುತ್ತವೆ. ಎಣಿಸಿ ಎಣಿಸಿ ಹಾಕಿದೆ. ತೊಡಕಾದದ್ದು ತಲೆ ಯಾವುದು ಎನ್ನುವುದು. ಒಂದು ತುದಿ ಚೂಪಾಗಿತ್ತು, ಒಣಗಿ ಮುರುಟಿತ್ತು, ಅದರ ಮೇಲೆ ಕಪ್ಪು ಪಟ್ಟಿ. ಇನ್ನೊಂದು ತುದಿ ಅಗಲವಾಗಿತ್ತು, ಅದರ ಮೇಲಿನಿಂದ ದಾರದಂಥ ಒಂದು ಎಳೆ ಇಳಿಬಿದ್ದಿತ್ತು. ಮೀಸೆ ಎಂದುಕೊಂಡೆ. ಮೀಸೆ ಇದ್ದ ಕಡೆಗೆ ಮುಖ ಇರಬೇಕಲ್ಲ! ಹೀಗೆ ಬಾಲವನ್ನು ತಲೆ ಮಾಡಿ, ತಲೆಯನ್ನು ಬಾಲ ಮಾಡಿ, ಚಿತ್ರ ಮುಗಿಸಿದೆ. ಕಡೆಗೆ, ಅವ್ವ ಕಲಿಸಿದ ಹಾಗೆ, ಮೀಸೆಯ ಹತ್ತಿರ ದುಂಡಗೆ ಒಂದು ಕಣ್ಣಿಟ್ಟೆ.

ಮೂರನೆಯ ದಿನ ಅವ್ವ ಡಬ್ಬಿ ಸಮೇತ ಮೀನನ್ನು ಒಯ್ದು ತಿಪ್ಪೆಯಲ್ಲಿ ಹೂತಳು. ನಾಯಿಗಳು ಸಂಜೆಯೊಳಗೆ ಕೆದರಿ ತೆಗೆದವು. ಡಬ್ಬಿ ಮಾತ್ರ ಉಳಿಯಿತು. ಅದನ್ನು ತೊಳೆದು ಅದರಲ್ಲಿ ಏನನ್ನೂ ಹಾಕಲಾಗದೆ ಅಟ್ಟದ ಮೇಲೆ ಒಗೆದರು.

ಇಷ್ಟಾಗಿ ಎಷ್ಟೋ ತಿಂಗಳಿಗೆ ದುಂಡಪ್ಪ ಹೊತ್ತಲ್ಲದ ಹೊತ್ತಿನಲ್ಲಿ ಬಂದ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಚಹಾ ಬೇಡ ಎಂದ. ಆಗಲೇ ನಮಗೆ ತಿಳಿಯಿತು.

"ಕೇಳ್ರಿ ಕಾಕಾ. ಆ ಮಾಲಕಂದು ಎರಡು ಹಡಗ ಇದ್ದೂವು. ಒಂದು ಕೆಂಪು ಸಮುದ್ರಕ್ಕ, ಅರಬರ ದೇಶದ ಕಡೆ ಹೋಗೂದು. ಇನ್ನೊಂದು ಮಲಬಾರದಾಚಿ ನಡುಗಡ್ಡಿಗೆ ಅಕ್ಕಿ ಒಯ್ದು ಕೊಬ್ರಿ ತರೂದು. ಕೆಂಪು ಸಮುದ್ರದ್ದು ಹೋತ್ರಿ. ಹವಳದ ಬಂಡಿಗಲ್ಲಿಗೆ ಬಡದು ಒಡೀತಂತ. ಒಬ್ಬನೂ ಬರಲಿಲ್ಲ."

"ಮಲ್ಲ ಯಾವುದರಾಗ ಇದ್ದ?" ಅಪ್ಪ ಕೇಳಿದ.

"ಅದ ಗೊತ್ತಿಲ್ರಿ. ಒಮ್ಮೆ ಇದರಾಗ, ಒಮ್ಮೆ ಅದರಾಗ. ಅಡಗಿ ಮಾಡಾಂವನ ಹೆಸರ ಯಾರ ಬರಕೊಂತಾರ? ನಡುಗಡ್ಡಿ ಹಡಗ ಮಲಬಾರದಾಗ ಮಾರಿದ್ರು, ಅದರ ಮಂದಿ ಎಲ್ಲಾ ದಿಕ್ಕಾಪಾಲ ಆಗ್ಯಾರ. ಅದರಾಗ ಇದ್ದಿದ್ರ ಮಲ್ಲ ಎಲ್ಲೆರೆ ಜೀವಂತ ಅದಾನ. ಇದರಾಗ ಇದ್ದಿದ್ರ..." ಎಂದು ದುಂಡಪ್ಪ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

ವೈನಿ ಕುಂಕುಮ ಅಳಿಸಬೇಕೋ ಬೇಡವೋ? ನಮ್ಮ ಮನೆಯ ಮುಂದೆ ಬಂದು ನಿಂತ ಪ್ರಶ್ನೆ ಇದು. ಓಣಿಯ ಹೆಂಗಸರು ದಿನಕ್ಕೊಬ್ಬರಂತೆ ಬಂದು ಅವರ ಹಣೆ ನೋಡಿ ಹೋಗುತ್ತಿದ್ದರು. ಅವ್ವ ಅಳುತ್ತಿರಲಿಲ್ಲ, ಅಡುಗೆಗೆ ಉಪ್ಪು ಹಾಕುವುದನ್ನು ಮಾತ್ರ ಮರೆಯತೊಡಗಿದಳು. ಅಪ್ಪ ಮಲಬಾರದ ಬಂದರಗಳಿಗೆಲ್ಲ ಕಾರ್ಡು ಹಾಕಿದ. ಒಂದಕ್ಕೂ ಉತ್ತರ ಬರಲಿಲ್ಲ.

ಮೀನಿನ ನೆನಪು ತೆಗೆದವರು ಜಮಖಂಡಿಯ ಮಾಸ್ತರರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮನೆಯಲ್ಲಿ ಮರಾಠಿ ಮಾತು, ನಮ್ಮೊಡನೆ ಕನ್ನಡ. ಅವರ ಮನೆಯ ಸೀರೆಗಳೆಲ್ಲ ನಮ್ಮ ಮಗ್ಗದವೇ. ಅಪ್ಪನ ಕಥೆ ಕೇಳಿ ಅವರು, "ಅರೇ, ಹವಳದ ಮೀನಕ್ಕ ಅದರದ ಆದ ಠಿಕಾಣಿ ಇರತೈತಿ. ಒಂದೊಂದು ಕಡೆ ಒಂದೊಂದು ಥರ. ಮೀನಾ ಯಾವುದು ಅಂತ ತಿಳದ್ರ, ಅದು ಯಾವ ಸಮುದ್ರದ್ದು ಅಂತ ತಿಳಿಯಬಹುದು. ಸಮುದ್ರ ತಿಳದ್ರ ಹಡಗ ತಿಳೀತು" ಎಂದರು. ಅವರ ಗೆಳೆಯರೊಬ್ಬರು ಮುಂಬಯಿಯ ಕಾಲೇಜಿನಲ್ಲಿ ಮೀನುಗಳ ಶಾಸ್ತ್ರ ಓದಿಸುವವರಂತೆ. ನನ್ನ ಚಿತ್ರವನ್ನು ಲಕೋಟೆಯಲ್ಲಿಟ್ಟು ಅವರಿಗೆ ಕಳಿಸಿದರು.

ಆ ತಿಂಗಳೇ ಇನ್ನೊಂದು ಮಾತೂ ಮನೆಗೆ ಬಂತು. ಅನಗವಾಡಿಯಿಂದ ಒಬ್ಬ ಒಕ್ಕಲಿಗ ವರ್ಷವರ್ಷ ಸೀರೆ ಒಯ್ಯಲು ಬರುತ್ತಿದ್ದ. ಹೊಳೆದಂಡೆಗೆ ಹೊಲ, ಹೆಂಡತಿ ಹೆರಿಗೆಯಲ್ಲಿ ತೀರಿಹೋಗಿದ್ದಳು. ದೊಡ್ಡ ಮೈ, ಮೆಲ್ಲಗಿನ ಮಾತು. ಕೊಟ್ಟ ನೀರಿನ ತಂಬಿಗೆಯನ್ನು ಬೋರಲು ಇಟ್ಟು ಹೋಗದೆ, ಬಾಗಿಲವರೆಗೆ ತಂದು ಕೊಡುತ್ತಿದ್ದ. ಅವನ ಕಡೆಯ ಹಿರಿಯರೊಬ್ಬರು ಅಪ್ಪನ ಕಿವಿಯ ಮೇಲೆ ಹಾಕಿದರು: ನಿಮ್ಮ ಮಗನ ಸುದ್ದಿ ಖಾತ್ರಿಯಾದರೆ, ಸೊಸೆಯನ್ನು ಉಡಿಕೆ ಮಾಡಿ ಕೊಡುತ್ತೀರಾ? ಉಡಿಕೆ ಎಂದರೆ ಗಂಡ ಸತ್ತವಳಿಗೆ ಮತ್ತೊಂದು ಸಂಸಾರ ಕಟ್ಟಿಕೊಡುವುದು. ಬಾಜಾ ಇಲ್ಲ, ಬಾಸಿಂಗ ಇಲ್ಲ, ಹೊಸ ಸೀರೆ ಉಡಿಸಿ ಕರೆದೊಯ್ಯುವುದು, ಅಷ್ಟೇ. ನಮ್ಮವರಲ್ಲಿ ಅದಕ್ಕೆ ದೋಷವಿರಲಿಲ್ಲ. ಆದರೆ ಗಂಡ ಸತ್ತಿರಬೇಕು. ಇದ್ದಾನೋ ಇಲ್ಲವೋ ಎನ್ನುವವಳಿಗೆ ಉಡಿಕೆಯಿಲ್ಲ. ಅಪ್ಪ, "ಖಾತ್ರಿ ಆಗಲಿ. ಆದ್ರ ಮಗಳಂಗ ಕಳಸತೇನಿ" ಎಂದದ್ದನ್ನು ನಾನು ಕಣಜದ ಮರೆಯಲ್ಲಿ ನಿಂತು ಕೇಳಿದೆ. ಆ ದಿನ ವೈನಿಯ ಸೆರಗಿನ ತುದಿಯನ್ನು ನನ್ನ ಕೈಗೆ ಸುತ್ತಿಕೊಂಡು ಮಲಗಿದೆ.

ಒಂದು ರವಿವಾರ ಮಾಸ್ತರರು ಸೈಕಲ್ ತುಳಿದುಕೊಂಡು ಜಮಖಂಡಿಯಿಂದ ಬಂದರು. ಬೆವರು ಒರೆಸಿಕೊಂಡು, ಕಿಸೆಯಿಂದ ಮುಂಬಯಿಯ ಪತ್ರ ತೆಗೆದರು. ಅಪ್ಪ ಮಗ್ಗದ ಕುಣಿಯಿಂದ ಎದ್ದು ಬಂದ. ಅವ್ವ ಹೊಸ್ತಿಲ ಒಳಗೆ, ವೈನಿ ಕಂಬದ ಪಕ್ಕ, ನಾನು ಅವರ ಹಿಂದೆ.

"ಮೀನಾ ಗುರ್ತ ಸಿಕ್ಕೈತಿ" ಎಂದರು ಮಾಸ್ತರರು. "ಪಾತರಗಿತ್ತಿ ಮೀನ ಅಂತಾರ ಇದರ ಜಾತಿಗೆ. ಗೆರಿ ಎಣಿಸಿ ತೆಗೆದಾರಲ್ಲ, ಅದಕ್ಕ ಸಿಕ್ತು ಅಂತ ಬರದಾರ. ಯಾರು, ನೀನಾ ತೆಗದದ್ದು? ಶಾಬಾಸ್. ಆದ್ರ ತಂಗಿ, ಮೀನಾ ಹಿಂದುಮುಂದು ಮಾಡೀಯಲ್ಲ! ಬಾಲಕ್ಕ ಕಣ್ಣ ಇಟ್ಟಿ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ವೈನಿಯ ಹಿಂದೆ ಇನ್ನಷ್ಟು ಸರಿದೆ.

"ಎಲ್ಲಿ ಮನಿ ಮಾಡತೈತ್ರಿ ಅದು?" ಅಪ್ಪನ ಪ್ರಶ್ನೆ ಅಲ್ಲಿಗೇ ಹೋಯಿತು.

"ಹವಳದ ದಿಬ್ಬದಾಗ. ಸಣ್ಣ ಸಣ್ಣ ಜೀವ ಕೂಡಿ ನೀರೊಳಗ ಕಲ್ಲಿನ ತ್ವಾಟ ಕಟ್ಟತಾವ. ನೀರು ಬೆಚ್ಚಗಿರಬೇಕು, ತಿಳಿ ಇರಬೇಕು, ಬಿಸಲು ತಳಾ ಮುಟ್ಟಬೇಕು. ಅಲ್ಲಿ ಸಂದಿಯೊಳಗ ಚೂಪ ಮೂತಿ ಹಾಕಿ ಹುಳ ಹೆಕ್ಕಿ ತಿಂತೈತಿ. ಆಳಕ್ಕ ಹೋಗೂದಿಲ್ಲ. ಗಂಡು ಹೆಣ್ಣು ಜೋಡಿಲೇ ಅಡ್ಡಾಡತಾವಂತ."

"ಮೀನಕ್ಕೂ ಜೋಡಿ ಐತಿ" ಎಂದಳು ಅವ್ವ, ಯಾರಿಗೂ ಅಲ್ಲದ ಹಾಗೆ.

"ಯಾವ ಸಮುದ್ರರಿ?" ಅಪ್ಪ ಬಿಡಲಿಲ್ಲ.

"ಅಲ್ಲೇ ಐತಿ ನೋಡ್ರಿ ಗಂಟು. ಎರಡೂ ಕಡೆ ಸಿಗತೈತಿ. ಆದ್ರ ಒಂದು ಫರಕ್. ನಮ್ಮ ನಡುಗಡ್ಡಿ ಕಡೆ ಇರೂವಕ್ಕ ಬೆನ್ನ ತುದಿಗೆ, ಬಾಲದ ಹತ್ತರ, ಕಪ್ಪು ಚುಕ್ಕಿ ಇರತೈತಿ. ವೈರಿ ಅದನ್ನ ಕಣ್ಣು ಅಂತ ತಿಳದು ಬಾಲಕ್ಕ ಬಾಯಿ ಹಾಕಲಿ, ತಾನು ಮುಂದಕ್ಕ ಪಾರಾಗೂಣು ಅಂತ. ಖರೇ ಕಣ್ಣು ಮುಖದ ಕಪ್ಪು ಪಟ್ಟ್ಯಾಗ ಅಡಗಿರತೈತಿ. ಕೆಂಪು ಸಮುದ್ರದವಕ್ಕ ಆ ಚುಕ್ಕಿ ಸಾಮಾನ್ಯ ಇರೂದಿಲ್ಲ. ಈ ಚಿತ್ರದಾಗ ಸರಿಯಾಗಿ ಅದ ಜಾಗಾದಾಗ ಒಂದು ದುಂಡಂದು ಐತಿ. ಅದಕ್ಕ ಅವರು ಕೇಳ್ಯಾರ: ಹುಡುಗಿ ಅದನ್ನ ಮೀನಿನ ಮ್ಯಾಲ ನೋಡಿ ಹಾಕ್ಯಾಳೋ, ಕಣ್ಣ ಬೇಕಲ್ಲ ಅಂತ ತಾನ ಹಾಕ್ಯಾಳೋ? ಮೀನಾ ಇದ್ರ ಕಳಿಸ್ರಿ ಅಂತ ಬರದಾರ."

ಮೀನು ನಾಯಿಯ ಹೊಟ್ಟೆ ಸೇರಿ ವರ್ಷವಾಗುತ್ತ ಬಂದಿತ್ತು. ಅಪ್ಪ ಒಮ್ಮೆ ಅವ್ವನ ಕಡೆ ನೋಡಿದ. ಅವ್ವ ಗೋಡೆಯ ಕಡೆ ತಿರುಗಿದಳು.

"ತಂಗಿ" ಎಂದರು ಮಾಸ್ತರರು, ಪಾಠ ಕೇಳುವ ದನಿಯಲ್ಲಿ ಅಲ್ಲ, ಬಹಳ ಮೆಲ್ಲಗೆ. "ಅವಸರ ಮಾಡಬ್ಯಾಡ. ನೆನಸಿಕೋ. ಚುಕ್ಕಿ ಇತ್ತೋ, ಇಲ್ಲೋ?"

ಮಕ್ಕಳೇ, ನಾನು ನೆನೆಸಿಕೊಂಡೆ. ಈಗಲೂ ನೆನೆಸಿಕೊಳ್ಳುತ್ತೇನೆ. ಐದು ಗೆರೆ ಕಾಣುತ್ತವೆ, ಅಡ್ಡ ಗೆರೆ ಕಾಣುತ್ತವೆ, ದಾರ ಕಾಣುತ್ತದೆ, ಉಪ್ಪಿನ ಹರಳು ಕೂಡ ಕಾಣುತ್ತವೆ. ದಾರದ ಬುಡದಲ್ಲಿ ಏನಿತ್ತು ಎಂದು ನೋಡಹೋದರೆ ನನ್ನ ಪೆನ್ಸಿಲ್ಲು ಮಾತ್ರ ಕಾಣುತ್ತದೆ, ಅದು ದುಂಡಗೆ ಸುತ್ತುತ್ತಿರುತ್ತದೆ. ನೋಡಿ ಸುತ್ತಿದೆನೋ, ಕಣ್ಣಿಲ್ಲದ್ದು ಮನೆಯಲ್ಲಿರಬಾರದು ಎಂದು ಸುತ್ತಿದೆನೋ. ನೆನಪಿಲ್ಲ ಎಂದು ಹೇಳಬಹುದಿತ್ತು. ಸಾಲೆಯಲ್ಲಿ ನೆನಪಿಲ್ಲ ಎಂದವರಿಗೆ ಛಡಿ ಏಟು ಬೀಳುತ್ತಿತ್ತು. ನನಗೆ ಅದೊಂದು ಉತ್ತರ ಎಂದೇ ತಿಳಿದಿರಲಿಲ್ಲ.

ಮುಖ ಎತ್ತಿದೆ. ವೈನಿ ಕಂಬ ಬಿಟ್ಟು ನನ್ನ ಕಡೆ ತಿರುಗಿದ್ದರು. ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. ಉಸಿರು ಹಿಡಿದುಕೊಂಡು, ತುಟಿ ಅರ್ಧ ತೆರೆದು, ಬೇಡುವ ನೋಟ. ಅವರು ಏನು ಬೇಡುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು ಎಂದುಕೊಂಡೆ.

"ಇತ್ತರಿ" ಎಂದೆ.

"ಖಾತ್ರಿ ಏನ್ ಬೇ?" ಅಪ್ಪ ಕೇಳಿದ.

"ಹೂಂ. ನೋಡಿ ಹಾಕೀನಿ."

ಅಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಅವ್ವ ಅಂದು ಮೊದಲ ಸಲ ಗೊಳೋ ಎಂದು ಅತ್ತಳು. ಓಡಿ ಹೋಗಿ ಕರಡಿಗೆ ತಂದು ವೈನಿಯ ಹಣೆಗೆ ಕುಂಕುಮ ಹಚ್ಚಿದಳು. ಅವಸರಕ್ಕೆ ಮೂಗಿನ ಮೇಲೆಲ್ಲ ಉದುರಿತು. ಮಾಸ್ತರರು, "ಬರೀ ಚುಕ್ಕಿ ಮ್ಯಾಲ ಅಷ್ಟ ಭರೋಸಾ ಬ್ಯಾಡ್ರಿ" ಎಂದು ಏನೋ ಹೇಳಲು ಹೋದರು. ಯಾರೂ ಕೇಳಿಸಿಕೊಳ್ಳಲಿಲ್ಲ. ವೈನಿ ಕಂಡಿಕೆ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಸಂತೋಷ ತೋರಿಸಲು ನಾಚಿಕೆ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ ಇತ್ತು.

ಆ "ಇತ್ತರಿ" ಎನ್ನುವುದರಲ್ಲಿ ಅಣ್ಣನ ಜೀವ ಉಳಿಯಲಿ ಎನ್ನುವುದು ಎಷ್ಟಿತ್ತು, ವೈನಿ ಅನಗವಾಡಿಗೆ ಹೋಗದೆ ನನ್ನ ಪಕ್ಕದಲ್ಲೇ ಮಲಗಲಿ ಎನ್ನುವುದು ಎಷ್ಟಿತ್ತು ಎಂದು ತೂಗಲು ಹೋಗಿದ್ದೇನೆ. ನನಗೆ ಹಿತವಾಗುವ ಲೆಕ್ಕ ಯಾವತ್ತೂ ಬಂದಿಲ್ಲ.

ಅನಗವಾಡಿಯವನು ಮರುವರ್ಷ ಸೀರೆಗೆ ಬರಲಿಲ್ಲ. ಬೀಳಗಿಯ ಕಡೆಯಿಂದ ಹೆಣ್ಣು ತಂದುಕೊಂಡ ಎಂದು ಕೇಳಿದೆವು. ಅಣ್ಣನೂ ಬರಲಿಲ್ಲ. ಅಪ್ಪ ಹಟ ಬಿಡದೆ ಕಾರ್ಡು ಹಾಕುತ್ತಲೇ ಹೋದ. ಮುಂಬಯಿ ರಾಜ್ಯ ಹೋಗಿ ನಾವು ಮೈಸೂರು ರಾಜ್ಯಕ್ಕೆ ಸೇರಿದಾಗ ಊರೆಲ್ಲ ಪೇಢೆ ಹಂಚಿದರು. ಅಪ್ಪ ಅಂಚೆಯವನನ್ನು ತಡೆದು ನಿಲ್ಲಿಸಿ, "ನಮ್ಮ ಮಲ್ಲ ಹಳೇ ಪತ್ತಾನ ಬರೀತಾನೋ. ಮುಂಬಯಿ ರಾಜ್ಯ ಅಂತ ಇದ್ರ ಇಲ್ಲಿಗೆ ಮುಟ್ಟತೈತೋ ಇಲ್ಲೋ?" ಎಂದು ಕೇಳಿದ. ಮುಟ್ಟುತ್ತದೆ ಎಂದು ಅವನು ಆಣೆ ಮಾಡಿ ಹೇಳಬೇಕಾಯಿತು. ನನಗೆ ಮದುವೆಯಾಯಿತು, ನಿಮ್ಮ ಅಜ್ಜನ ಮನೆಗೆ ಬಂದೆ. ಅಪ್ಪ ಹೋದ, ಅವ್ವ ಹೋದಳು. ಇಬ್ಬರ ಬಾಯಿಗೆ ಕಡೆಯ ನೀರು ಬಿಟ್ಟವರು ವೈನಿ. ಕೈತುಂಬ ಹಸಿರು ಬಳೆ, ಹಣೆಯಲ್ಲಿ ಕಾಸಿನಗಲ ಕುಂಕುಮ, ಊರಿನ ಬಾಗಿನಕ್ಕೆಲ್ಲ ಮೊದಲ ಕರೆ ಅವರಿಗೇ. ಆ ಮನೆಯಲ್ಲಿ ಒಬ್ಬರೇ ಕಂಡಿಕೆ ಸುತ್ತಿ, ಪರರ ಮಗ್ಗಗಳಿಗೆ ಕೊಟ್ಟು ಬಾಳಿದರು.

ಅವರು ತೀರಿಕೊಂಡಾಗ ಹಸಿರು ಸೀರೆ ಉಡಿಸಿ, ಉಡಿ ತುಂಬಿ ಕೂರಿಸಿದ್ದರು. ಬನಹಟ್ಟಿಯ ಹೆಂಗಸರು ಸಾಲುಗಟ್ಟಿ ಬಂದು ಪಾದ ಮುಟ್ಟಿ, ಅವರ ಹಣೆಯ ಕುಂಕುಮವನ್ನೇ ತಮ್ಮ ಹಣೆಗೆ ಹಚ್ಚಿಕೊಂಡು ಹೋದರು. ಮುತ್ತೈದೆಯಾಗಿ ಹೋದಳು, ಎಂಥ ಪುಣ್ಯ ಎಂದರು. ನಿಮ್ಮ ಅಜ್ಜ ತೀರಿ ಆರು ತಿಂಗಳಾಗಿತ್ತು, ನಾನು ಹಿತ್ತಲ ಬಾಗಿಲ ಕಡೆ ನಿಂತಿದ್ದೆ. ಗಂಡನೊಡನೆ ಬಾಳಿ ವಿಧವೆಯಾದವಳು ನಾನು. ಎಂಟೇ ತಿಂಗಳ ಸಂಸಾರಕ್ಕೆ ಮುತ್ತೈದೆಯಾಗಿ ಕೂತವರು ಅವರು. ಯಾರದು ಏನು ಎಂದು ಜನರಿಗೆ ಹೇಗೆ ತಿಳಿಯಬೇಕು?

ಆದರೆ ನಾನು ಹೇಳಲು ಹೊರಟದ್ದು ಅದಕ್ಕೂ ಮುಂಚಿನ ಮಾತು. ನಿಮ್ಮ ಅಜ್ಜ ಹೋದ ಮೇಲೆ ನಾಲ್ಕು ದಿನ ಇರಲೆಂದು ಅವರ ಹತ್ತಿರ ಹೋಗಿದ್ದೆ. ಬಿಸಿಲು ಇಳಿದಿತ್ತು. ಅವರು ರಾಟಿ ತಿರುಗಿಸುತ್ತಿದ್ದರು, ನಾನು ನೂಲಿನ ಲಡಿ ಬಿಡಿಸಿ ಕೊಡುತ್ತಿದ್ದೆ. ಬಳೆಯಿಲ್ಲದ ನನ್ನ ಕೈಯನ್ನು ಅವರು ಒಂದೆರಡು ಸಲ ನೋಡಿದರು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಆಗ ತಾನಾಗಿಯೇ ಬಾಯಿಗೆ ಬಂತು.

"ವೈನಿ, ಆ ಮೀನಿಗೆ ಚುಕ್ಕಿ ಇತ್ತೋ ಇಲ್ಲೋ ನನಗ ಗೊತ್ತಿರಲಿಲ್ರಿ. ನೀವು ಹಂಗ ನೋಡಿದ್ರಿ, ನಾ ಇತ್ತು ಅಂದೆ. ನಿಮ್ಮ ಕುಂಕುಮ ಉಳೀಲಿ ಅಂತ."

ಅವರಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವೂ ಆಗಲಿಲ್ಲ.

"ಡಬ್ಬಿ ತಗದಾಕಿ ನಾನಲ್ಲೇನು? ನಾನೂ ಭಾಳ ನೆನಸೀನಿ. ನನಗೂ ಗೊತ್ತಿಲ್ಲ" ಎಂದರು. ನೂಲಿನ ಮೇಲಿನ ಕಣ್ಣು ತೆಗೆಯದೆ, "ನೀ ಇಲ್ಲ ಅಂತೀ ಅಂತ ನಿನ್ನ ಮಾರಿ ನೋಡಾಕತ್ತಿದ್ನಿ ನಿಂಗಿ" ಎಂದರು.

ನನ್ನ ಕೈಯಲ್ಲಿನ ಲಡಿ ಗೋಜಲಾಯಿತು.

"ನಿಮ್ಮಣ್ಣ ಸಾಯಲಿ ಅಂತಲ್ಲ ಮತ್ತ. ಎಂಟ ತಿಂಗಳ ಕೂಡಿ ಇದ್ದಾಂವ. ನೆನಸಿದ್ರ ಮಗ್ಗದ ಮುಂದ ಕುಂತ ಬೆನ್ನು ಅಷ್ಟ ಕಾಣತೈತಿ. ಬದುಕಿದ್ರ ಎಲ್ಲೆರೆ ಸುಖವಾಗಿರಲಿ ಅಂತಿದ್ನಿ, ಆದ್ರ ನಾ ಇಲ್ಲೇ ಕಾಯಬೇಕಲ್ಲ. ನನಗ ಹತ್ತೊಂಬತ್ತ ಬೇ ಆಗ. ಮಾವ ಆ ಅನಗವಾಡಿ ಹಿರ್ಯಾರಿಗೆ ಏನಂದಾರಂತ ನನಗೂ ಕೇಳಿತ್ತು. ನಿನ್ನ ಬಾಯಾಗಿಂದ ಇಲ್ಲ ಅಂತ ಬಂದಿದ್ರ, ನಾ ಅನಗವಾಡಿಗೆ ಹೋಗ್ತಿದ್ನಿ."

"ನನಗ ಹೇಳಬಾರದಿತ್ತೇನ್ರಿ ಆವಾಗ?"

"ಏನಂತ ಹೇಳಲಿ? ಗಂಡ ಸತ್ತಾನ ಅನ್ನು ಅಂತ ಹೇಳಲೇನು, ಸಣ್ಣ ಹುಡುಗಿಗೆ?" ಎಂದು ನಕ್ಕರು. ಅದೇ ಹಳೆಯ ನಗು, ಆದರೆ ಹಲ್ಲಿರಲಿಲ್ಲ.

ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ಅಷ್ಟು ದೊಡ್ಡದಕ್ಕೆ ಯಾವ ಮಾತಿನಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ನಾನು ಕೇಳಿದ್ದು ಬೇರೆ, ಅದೂ ಸುಮ್ಮನಿರಲಾರದೆ ಕೇಳಿದ್ದು. ಅನಗವಾಡಿಯ ಆ ಮನುಷ್ಯನ ಹೆಸರು ಏನಿತ್ತು ವೈನಿ, ನನಗೆ ಯಾವತ್ತೂ ಗೊತ್ತಾಗಲಿಲ್ಲ ಎಂದೆ.

ಅವರು ರಾಟಿ ನಿಲ್ಲಿಸಿದರು. ಅವನ ಹೆಸರು ಹೇಳಿದರು. ಅವನ ಎರಡು ಎತ್ತುಗಳ ಹೆಸರನ್ನೂ ಹೇಳಿದರು.